ವೇಲ್ಸ್‌ನ ರೊಂದಾ ಸುತ್ತು: ಮೂರು ಕಣಿವೆ, ಎರಡು ಬೆಟ್ಟ, ಒಂದು ದಿನದ ಸೈಕಲ್ ಸವಾರಿ

ಚಳಿಗಾಲ ಮುಗಿಯುತ್ತಿದ್ದ ಹಾಗೆ ಕಾರ್ಡಿಫ್, ಬ್ರಿಸ್ಟಲ್, ಸ್ವಾನ್‌ಸಿ ಕಡೆಯ ಕನ್ನಡಿಗರು ಕೇಳುವ ಪ್ರಶ್ನೆ ಒಂದೇ: "ವೇಲ್ಸ್ ಬೆಟ್ಟದಲ್ಲಿ ಸೈಕಲ್ ಹೊಡೀಬೇಕು, ಎಲ್ಲಿಂದ ಶುರು ಮಾಡಲಿ?" ಅದರ ಬೆನ್ನಿಗೇ ಇನ್ನೊಂದು: "ನನ್ನ ಕೈಲಿ ಆಗುತ್ತಾ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎರಡಕ್ಕೂ ಇಲ್ಲೇ ಉತ್ತರ ಬರೆದಿದ್ದೇನೆ.

ಮೊದಲ ಬೆಟ್ಟದ ಸವಾರಿಗೆ ನಾನು ಹೇಳುವುದು ರೊಂದಾ ಸುತ್ತು. ದಕ್ಷಿಣ ವೇಲ್ಸ್‌ನ ರೊಂದಾ ಕಣಿವೆಯ ಟ್ರಿಯೋರ್ಕಿ ಎಂಬ ಊರಿನಿಂದ ಹೊರಟು ಬುಲ್ಖ್ ಬೆಟ್ಟ ಹತ್ತಬೇಕು. ಆಮೇಲೆ ಆವನ್ ಕಣಿವೆಯಲ್ಲಿ ಇಳಿದು ನೀತ್ ಪಟ್ಟಣ ಸೇರಬೇಕು. ಅಲ್ಲಿಂದ ನೀತ್ ಕಣಿವೆಯಲ್ಲಿ ಮೇಲೆ ಬಂದು, ರಿಗೋಸ್ ಬೆಟ್ಟ ದಾಟಿದರೆ ಮತ್ತೆ ಟ್ರಿಯೋರ್ಕಿ. ದೂರ ಸುಮಾರು 70 ಕಿ.ಮೀ. ಒಟ್ಟು ಏರು 1,000 ಮೀಟರಿಗಿಂತ ತುಸು ಜಾಸ್ತಿ. ಹೊಸಬರು ನಿಂತು, ತಿಂದು, ಫೋಟೊ ತೆಗೆದುಕೊಂಡು ಹೋದರೆ ಐದರಿಂದ ಆರು ಗಂಟೆ ಹಿಡಿಯುತ್ತದೆ.

ಇದಕ್ಕಿಂತ ಹೆಸರುವಾಸಿಯಾದ ಬೆಟ್ಟಗಳು ವೇಲ್ಸ್‌ನಲ್ಲಿವೆ. ಅಬರ್‌ಗವೆನ್ನಿ ಹತ್ತಿರದ ಟಂಬಲ್ ಇದೆ. ಅಲ್ಲಿ 2014ರಲ್ಲಿ ಟೂರ್ ಆಫ್ ಬ್ರಿಟನ್ ಪಂದ್ಯದ ಒಂದು ಹಂತ ಮುಗಿದಿತ್ತು. ಹೇ-ಆನ್-ವೈ ಪಕ್ಕದ ಗಾಸ್ಪೆಲ್ ಪಾಸ್ ಇದೆ. 549 ಮೀಟರ್ ಎತ್ತರದ ಅದು ವೇಲ್ಸ್‌ನ ಅತಿ ಎತ್ತರದ ಟಾರು ಘಾಟಿ. ಆದರೆ ಟಂಬಲ್ ಮೊದಲ ಸಲಕ್ಕೆ ಕಡಿದು. ಗಾಸ್ಪೆಲ್ ಪಾಸ್ ರಸ್ತೆ ಒಂದೇ ಕಾರು ಹೋಗುವಷ್ಟು ಕಿರಿದು, ಎದುರು ವಾಹನ ಬಂದರೆ ಬೇಲಿಗೆ ಒತ್ತಿಕೊಂಡು ನಿಲ್ಲಬೇಕು. ಬುಲ್ಖ್ ಮತ್ತು ರಿಗೋಸ್ ರಸ್ತೆಗಳ ಕತೆ ಬೇರೆ. ಇವನ್ನು 1920ರ ದಶಕದಲ್ಲಿ, ಕೆಲಸ ಕಳೆದುಕೊಂಡಿದ್ದ ಗಣಿ ಕಾರ್ಮಿಕರ ಕೈಯಿಂದ, ಮೋಟಾರು ವಾಹನಗಳಿಗೆಂದೇ ಕಟ್ಟಿಸಿದ್ದು. ಹಾಗಾಗಿ ಅಗಲವಾಗಿವೆ, ಏರು ಒಂದೇ ಸಮನಾಗಿದೆ. ಎಲ್ಲೂ ಗೋಡೆ ಎದ್ದು ನಿಂತಂತೆ ಏರು ಬರುವುದಿಲ್ಲ. ಜೊತೆಗೆ ಸುತ್ತಿನ ನಡುವೆ ರೈಲು ನಿಲ್ದಾಣ ಇದೆ. ಸಾಕು ಅನ್ನಿಸಿದರೆ ಮನೆಗೆ ಬರಬಹುದು. ಹೊಸಬರಿಗೆ ಇದು ದೊಡ್ಡ ಧೈರ್ಯ.

ನಿಮ್ಮ ಕೈಲಿ ಆಗುತ್ತಾ?

ಸಮತಟ್ಟು ರಸ್ತೆಯಲ್ಲಿ ನಿಲ್ಲದೆ 50 ಕಿ.ಮೀ. ಹೊಡೆಯುತ್ತೀರಾ? ಮಾರನೇ ದಿನ ಮೆಟ್ಟಿಲು ಹತ್ತಲು ಆಗುತ್ತಾ? ಎರಡಕ್ಕೂ ಹೌದು ಅಂದರೆ ದೂರದ ಚಿಂತೆ ಬಿಡಿ. ಏರಿನ ಅಭ್ಯಾಸ ಮಾತ್ರ ಬೇಕು. ಕಾರ್ಡಿಫ್‌ನವರಿಗೆ ಅದಕ್ಕೆ ಕ್ಯಾರ್‌ಫಿಲಿ ಬೆಟ್ಟ ಇದ್ದೇ ಇದೆ. ಕ್ಯಾರ್‌ಫಿಲಿ ಊರ ಕಡೆಯಿಂದ ಹತ್ತಿದರೆ ಒಂದೂಕಾಲು ಕಿ.ಮೀ.ಯಷ್ಟೇ ಉದ್ದ, ಆದರೆ ಬುಲ್ಖ್‌ಗಿಂತ ತುಂಬ ಕಡಿದು. ವಾರಕ್ಕೊಮ್ಮೆ ಹೋಗಿ, ಎರಡು-ಮೂರು ಸಲ ಹತ್ತಿ ಇಳಿಯಿರಿ. ಒಂದೂವರೆ ತಿಂಗಳಲ್ಲಿ ಕಾಲು ಪಳಗುತ್ತದೆ.

ಬೆಂಗಳೂರಿನಲ್ಲಿ ನಂದಿ ಬೆಟ್ಟ ಹತ್ತಿ ಬಂದವರಿಗೆ ಒಂದು ಮಾತು. ನಂದಿಯಲ್ಲಿ ಒಂದೇ ಏರು. ಮೇಲೆ ಹೋದರೆ ಕೆಲಸ ಮುಗೀತು, ಇನ್ನು ಇಳಿಯುವುದಷ್ಟೇ. ಇಲ್ಲಿ ಏರು ಬೆಳಗ್ಗೆ ಒಂದು, ನಡುವೆ ಒಂದು ಚಿಕ್ಕದು, ಎಲ್ಲಕ್ಕಿಂತ ದೊಡ್ಡದು ಕೊನೆಗೆ. ಮೊದಲ ಬೆಟ್ಟದಲ್ಲೇ ಶಕ್ತಿ ಸುರಿದರೆ ರಿಗೋಸ್ ನಿಮ್ಮನ್ನು ನಡೆಸುತ್ತದೆ. ಇಡೀ ಸುತ್ತಿನ ಗುಟ್ಟು ಇಷ್ಟೇ: ಕೊನೆಯ ಬೆಟ್ಟಕ್ಕೆ ಉಳಿಸಿಕೊಳ್ಳುವುದು. ಕೆಳಗೆ ಬರೆದಿರುವ ಬಹುಪಾಲು ಸಲಹೆ ಅದಕ್ಕೇ.

ಯಾವಾಗ ಹೋಗಬೇಕು?

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಆತುರ ಇರುವುದಿಲ್ಲ. ಹವಾಮಾನ ನೋಡುವಾಗ ಕಾರ್ಡಿಫ್‌ನದ್ದು ನೋಡಿ ಹೊರಡಬೇಡಿ. ಮೆಟ್ ಆಫೀಸ್ ಆಪ್‌ನಲ್ಲಿ ಟ್ರಿಹರ್ಬರ್ಟ್ (ರಿಗೋಸ್ ಇಳಿದಾಗ ಸಿಗುವ ಊರು) ಎಂದು ಹಾಕಿ ನೋಡಿ. ಕರಾವಳಿಯಲ್ಲಿ ಬಿಸಿಲಿದ್ದಾಗಲೂ ಬೆಟ್ಟದ ಮೇಲೆ ಮಂಜು ಕವಿದು ಜಡಿಮಳೆ ಹಿಡಿದಿರಬಹುದು. ಮಳೆಗಿಂತ ಗಾಳಿಗೆ ಹೆಚ್ಚು ಗಮನ ಕೊಡಿ. ಜೋರು ಗಾಳಿಯ ಎಚ್ಚರಿಕೆ ಇದ್ದ ದಿನ ಹೋಗಲೇಬೇಡಿ. ಮೇಲೆ ಮರವಿಲ್ಲ, ಗೋಡೆಯಿಲ್ಲ. ಪಕ್ಕದಿಂದ ಬೀಸುವ ಗಾಳಿ ಸೈಕಲ್ಲನ್ನು ರಸ್ತೆ ಮಧ್ಯಕ್ಕೆ ತಳ್ಳುತ್ತದೆ.

ಏನೇನು ಬೇಕು?

*ಗೇರ್.* ಎಲ್ಲರೂ ಎಡವುವುದು ಇಲ್ಲಿ. ಪೆಡಲ್ ಹತ್ತಿರ ಇರುವ ಹಲ್ಲಿನ ಚಕ್ರಕ್ಕೆ ಚೈನ್‌ರಿಂಗ್ ಎನ್ನುತ್ತಾರೆ, ಹಿಂದಿನ ಗಾಲಿಯ ಮೇಲಿನ ಹಲ್ಲು ಚಕ್ರಗಳ ಗೊಂಚಲಿಗೆ ಕ್ಯಾಸೆಟ್. ಮುಂದೆ ಚಿಕ್ಕದು, ಹಿಂದೆ ದೊಡ್ಡದು ಇದ್ದಷ್ಟೂ ಹತ್ತುವುದು ಸುಲಭ. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇದ್ದರೆ ನಿಮಿಷಕ್ಕೆ 70 ಸಲ ಪೆಡಲ್ ತಿರುಗಿಸಿದಾಗ ಗಂಟೆಗೆ ಒಂಬತ್ತೂವರೆ ಕಿ.ಮೀ. ಹತ್ತಿರ ಹೋಗುತ್ತೀರಿ. ಹೊಸಬರಿಗೆ ಈ ಏರಿನಲ್ಲಿ ಅದೇ ಹಿತವಾದ ವೇಗ. ಹಿಂದೆ 25 ಹಲ್ಲು ಮಾತ್ರ ಇದ್ದರೆ ಅದೇ ವೇಗಕ್ಕೆ ಪೆಡಲ್ ನಿಧಾನವಾಗಿ, ಭಾರವಾಗಿ ತುಳಿಯಬೇಕಾಗುತ್ತದೆ. ಮಂಡಿ ಹಿಡಿಯುವುದು ಆಗ. ಕ್ಯಾಸೆಟ್ ಬದಲಾಯಿಸುವ ಮುಂಚೆ ನಿಮ್ಮ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಅಷ್ಟು ದೊಡ್ಡ ಚಕ್ರ ತಡೆಯುತ್ತದಾ ಎಂದು ಅಂಗಡಿಯಲ್ಲಿ ಕೇಳಿ. ಬದಲಾಯಿಸಿದ ಮರುದಿನವೇ ಬೆಟ್ಟಕ್ಕೆ ಹೋಗಬೇಡಿ.

*ಬ್ರೇಕ್.* ಹತ್ತಿದ್ದೆಲ್ಲ ಇಳಿಯಲೇಬೇಕಲ್ಲ. ಪ್ಯಾಡ್ ಸವೆದಿದ್ದರೆ ಹೊಸದು ಹಾಕಿಸಿ.

*ಟೈರ್.* 28 ಮಿ.ಮೀ. ಅಗಲದ್ದು ಒಳ್ಳೆಯದು. ಎರಡು ಟ್ಯೂಬ್, ಟೈರ್ ಲಿವರ್, ಪಂಪ್, ಮಲ್ಟಿಟೂಲ್ ಇಟ್ಟುಕೊಳ್ಳಿ. ಪಂಚರ್ ಹಾಕುವುದನ್ನು ಮನೆಯಲ್ಲೇ ಕಲಿತಿರಿ. ನಮ್ಮೂರಿನ ಹಾಗೆ ಕೂಗಳತೆಗೊಂದು ಪಂಚರ್ ಅಂಗಡಿ ಇಲ್ಲಿಲ್ಲ.

*ಬಟ್ಟೆ.* ಜೇಬಿಗೆ ಹಿಡಿಯುವ ತೆಳು ರೇನ್ ಜಾಕೆಟ್, ಪೂರ್ತಿ ಬೆರಳು ಮುಚ್ಚುವ ಗ್ಲೌಸ್. ಜುಲೈನಲ್ಲೂ ತೆಗೆದುಕೊಂಡು ಹೋಗಿ. ತುದಿಯಲ್ಲಿ ಕಣಿವೆಗಿಂತ ಎರಡು-ಮೂರು ಡಿಗ್ರಿ ತಂಪು. ಬೆವರಿದ ಮೈಯಲ್ಲಿ ವೇಗವಾಗಿ ಇಳಿದಾಗ ಅದು ಹತ್ತು ಡಿಗ್ರಿಯಷ್ಟು ಚುಚ್ಚುತ್ತದೆ.

*ಊಟ.* ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 25-30 ಗ್ರಾಂ ಇರುತ್ತದೆ. ಬಾಳೆಹಣ್ಣು, ಖರ್ಜೂರ, ಬೆಲ್ಲ-ತುಪ್ಪ ಸವರಿ ಸುತ್ತಿದ ಚಪಾತಿ ಎಲ್ಲ ಚೆನ್ನಾಗಿ ನಡೆಯುತ್ತವೆ. ಚಿಕ್ಕಿ ಏರಿನಲ್ಲಿ ಬೇಡ, ಏದುಸಿರು ಬಿಡುವಾಗ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಳಿಯೋಗರೆ ಡಬ್ಬಿ ತರುವವರೂ ಇದ್ದಾರೆ. ತನ್ನಿ, ಆದರೆ ನೀತ್‌ನಲ್ಲಿ ಬೆಂಚಿನ ಮೇಲೆ ಕೂತು ತಿನ್ನಿ.

*ದಾರಿ.* ಸೈಕಲ್ ಕಂಪ್ಯೂಟರ್ ಅಥವಾ ಫೋನ್‌ಗೆ ದಾರಿಯ ಜಿಪಿಎಕ್ಸ್ ಫೈಲ್ ಹಾಕಿಕೊಳ್ಳಿ. ನಕ್ಷೆಯ ಮೇಲೆ ಗೆರೆ ಎಳೆದಿಟ್ಟ ಫೈಲ್ ಅದು, ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ತೋರಿಸುತ್ತದೆ. ಬೆಟ್ಟದ ಮೇಲೆ ಸಿಗ್ನಲ್ ನಂಬಬೇಡಿ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಗಲಲ್ಲೂ ಇರಲಿ. ಮಂಜಿನಲ್ಲಿ ನಿಮ್ಮನ್ನು ಕಾಪಾಡುವುದು ಅದೇ. ಹೆಲ್ಮೆಟ್ ಇಲ್ಲಿ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಆದರೂ ಹಾಕಿಕೊಳ್ಳಿ.

ಹಂತ 1: ಟ್ರಿಯೋರ್ಕಿ ತಲುಪುವುದು

ಕಾರ್ಡಿಫ್ ಸೆಂಟ್ರಲ್‌ನಿಂದ ಟ್ರಿಹರ್ಬರ್ಟ್ ಕಡೆ ಹೋಗುವ ರೈಲು ಹತ್ತಿ. ಟ್ರಾನ್ಸ್‌ಪೋರ್ಟ್ ಫಾರ್ ವೇಲ್ಸ್ ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಇಲ್ಲ. ಜಾಗ ಮಾತ್ರ ಕಡಿಮೆ, ಆಫೀಸ್ ವೇಳೆಯಲ್ಲಿ ನಿರ್ಬಂಧವೂ ಇರುತ್ತದೆ. ನಾಲ್ಕೈದು ಜನ ಒಟ್ಟಿಗೆ ಹೋಗುವುದಾದರೆ ಎರಡು ರೈಲಿನಲ್ಲಿ ಹಂಚಿಕೊಂಡು ಹೋಗಿ. ಭಾನುವಾರ ರೈಲು ಕಡಿಮೆ, ಶನಿವಾರವೇ ವಾಸಿ.

ಹೊರಡುವ ಹಿಂದಿನ ರಾತ್ರಿ ರಿಗೋಸ್ ರಸ್ತೆ ತೆರೆದಿದೆಯಾ ಎಂದು ರೊಂದಾ ಕೆನನ್ ಟಾಫ್ ಕೌನ್ಸಿಲ್‌ನ ತಾಣದಲ್ಲಿ ನೋಡಿ. ಬಂಡೆ ಸರಿಪಡಿಸುವ ಕೆಲಸಕ್ಕೆ 2024ರಲ್ಲಿ ಅದನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ಕೊನೆಯ ಬೆಟ್ಟದ ಬುಡಕ್ಕೆ ಬಂದಾಗ ಮುಚ್ಚಿದ ಬೋರ್ಡ್ ನೋಡುವ ಗ್ರಹಚಾರ ಯಾಕೆ?

ಟ್ರಿಯೋರ್ಕಿಯ ಹೈ ಸ್ಟ್ರೀಟ್‌ಗೆ ಬ್ರಿಟನ್ನಿನ ಅತ್ಯುತ್ತಮ ಪೇಟೆ ಬೀದಿ ಎಂಬ 2019ರ ಪ್ರಶಸ್ತಿ ಬಂದಿದೆ. ಕಾಫಿ ಅಲ್ಲೇ ಮುಗಿಸಿ. ಮುಂದೆ ನೀತ್ ಬರುವವರೆಗೆ ಅಂಗಡಿ ಸಿಕ್ಕರೆ ಸಿಕ್ಕಿತು.

ಹಂತ 2: ಬುಲ್ಖ್ ಹತ್ತುವುದು

ಎ4061 ರಸ್ತೆ ಹಿಡಿದರೆ ಕುಮ್‌ಪಾರ್ಕ್ ಊರು ದಾಟುತ್ತಿದ್ದ ಹಾಗೆ ಏರು ಶುರು. ಸುಮಾರು 5 ಕಿ.ಮೀ. ಉದ್ದ, ಸರಾಸರಿ ಗ್ರೇಡಿಯೆಂಟ್ ಶೇ. 5-6. ನೂರು ಮೀಟರ್ ಮುಂದೆ ಹೋದರೆ ಐದಾರು ಮೀಟರ್ ಮೇಲೆ ಹತ್ತಿರುತ್ತೀರಿ ಎಂದು ಅರ್ಥ. ತುದಿ ಸುಮಾರು 450 ಮೀಟರ್ ಎತ್ತರದಲ್ಲಿದೆ.

ಮೊದಲ ಹತ್ತು ನಿಮಿಷ ಸುಮ್ನೆ ಹಗುರ ಗೇರ್‌ನಲ್ಲಿ ತಿರುಗಿಸಿ. ಅಳತೆಗೋಲು ಸುಲಭ: ಪಕ್ಕದವರ ಜೊತೆ ಕನ್ನಡದಲ್ಲಿ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡೇ ಪದಕ್ಕೆ ಉಸಿರು ಕಟ್ಟಿದರೆ ನಿಮ್ಮ ವೇಗ ಜಾಸ್ತಿಯಾಗಿದೆ. ಕಾರ್ಬನ್ ಸೈಕಲ್ಲಿನ ಅಜ್ಜಂದಿರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಅವರು ಈ ಬೆಟ್ಟವನ್ನು ಹುಟ್ಟಿದಾಗಿನಿಂದ ಹತ್ತುತ್ತಿದ್ದಾರೆ.

ಮೇಲೆ ಹವಾ ಚೆನ್ನಾಗಿದ್ದರೆ ಐಸ್‌ಕ್ರೀಮ್ ವ್ಯಾನ್ ನಿಂತಿರುತ್ತದೆ. ಅದನ್ನು ನಂಬಿಕೊಂಡು ತಿಂಡಿ ಬಿಟ್ಟು ಬರಬೇಡಿ. ಜಾಕೆಟ್ ಹಾಕಿಕೊಳ್ಳುವುದು ಇಳಿಯಲು ಶುರು ಮಾಡುವ ಮುಂಚೆ, ಚಳಿ ಹತ್ತಿದ ಮೇಲಲ್ಲ.

ಎಚ್ಚರ: ತುದಿಯಲ್ಲಿ ದಾರಿ ಕವಲೊಡೆಯುತ್ತದೆ. ಎ4061 ಎಡಕ್ಕೆ ನಾಂಟಿಮೋಯಿಲ್ ಕಡೆ ಇಳಿಯುತ್ತದೆ. ನೀವು ಬಲಕ್ಕೆ, ಎ4107 ಹಿಡಿಯಬೇಕು. ಇಲ್ಲಿ ತಪ್ಪಿ ಎಡಕ್ಕೆ ಇಳಿದವರು ಇಳಿದಷ್ಟನ್ನೂ ಮತ್ತೆ ಹತ್ತಬೇಕಾಗುತ್ತದೆ.

ಹಂತ 3: ಆವನ್ ಕಣಿವೆಯಲ್ಲಿ ಇಳಿಯುವುದು

ಇಳಿಜಾರಿನ ಮುಖ್ಯ ಅಪಾಯ ಕುರಿಗಳು. ಬೇಲಿ ಇಲ್ಲದ ಬೆಟ್ಟ, ರಸ್ತೆಯೇ ಅವುಗಳ ಹಾಸಿಗೆ. ಕುರಿ ಒಂದು ಬದಿ, ಮರಿ ಇನ್ನೊಂದು ಬದಿ ಕಂಡರೆ ಬ್ರೇಕ್ ಹಿಡಿದುಬಿಡಿ. ನೀವು ಹತ್ತಿರ ಬಂದಾಗ ಮರಿ ತಾಯಿಯ ಕಡೆ ಓಡಿಯೇ ಓಡುತ್ತದೆ. ಒಂದು ದಾಟಿತು ಎಂದರೆ ಹಿಂದೆ ಇನ್ನೂ ನಾಲ್ಕು ಬರಲಿವೆ ಎಂದುಕೊಳ್ಳಿ. ಕುರಿಗೆ ಬೆಲ್ ಹೊಡೆದು ಪ್ರಯೋಜನವಿಲ್ಲ.

ಎರಡನೆಯದು ಕ್ಯಾಟಲ್ ಗ್ರಿಡ್. ಬೆಟ್ಟದ ಕುರಿ-ದನ ಊರೊಳಗೆ ಬರದಂತೆ ರಸ್ತೆಗೆ ಅಡ್ಡವಾಗಿ ಹಾಕಿರುವ ಕಬ್ಬಿಣದ ಸರಳುಗಳು. ಕಂಡರೆ ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಗ್ರಿಡ್ ಮೇಲೆ ಬ್ರೇಕ್ ಒತ್ತದೆ ದಾಟಿ. ಒದ್ದೆಯಾಗಿದ್ದಾಗ ಓರೆಯಾಗಿ ದಾಟಿದರೆ ಜಾರುತ್ತೀರಿ. ರಸ್ತೆಯ ಮೇಲೆ ದೊಡ್ಡದಾಗಿ ಬರೆದಿರುವ 'ಅರಾವ್' ಎಂದರೆ ನಿಧಾನ. ಅದು ಕಂಡಲ್ಲಿ ಮುಂದೆ ತಿರುವಿದೆ ಎಂದು ಲೆಕ್ಕ.

ಅಬರ್‌ಗ್ವಿನ್ವಿ, ಬ್ಲೈನ್‌ಗ್ವಿನ್ವಿ ಎಂಬ ಅವಳಿ ಊರುಗಳು ಮೊದಲು ಬರುತ್ತವೆ. ಇಲ್ಲಿಂದ ರೊಂದಾಕ್ಕೆ ಬೆಟ್ಟದ ಹೊಟ್ಟೆಯಲ್ಲಿ ಮೂರು ಕಿ.ಮೀ.ಗೂ ಉದ್ದದ ಹಳೆಯ ರೈಲು ಸುರಂಗವಿದೆ. 1890ರಲ್ಲಿ ತೆರೆದದ್ದು, 1968ರಲ್ಲಿ ಮುಚ್ಚಿತು. ಅದನ್ನು ಸೈಕಲ್ ಮತ್ತು ನಡಿಗೆಗೆ ತೆರೆಯಬೇಕು ಎಂದು ಸ್ಥಳೀಯರ ಸಂಘವೊಂದು ವರ್ಷಗಳಿಂದ ದುಡಿಯುತ್ತಿದೆ. ತೆರೆದರೆ ಬುಲ್ಖ್ ಹತ್ತದೆ ಕಳ್ಳದಾರಿಯಲ್ಲಿ ಬರಬಹುದು, ಅಲ್ವಾ!

ಮುಂದೆ ಕಮ್ಮರ್. ಎಡಕ್ಕೆ ಮೈಸ್ಟೇಗ್ ಬೋರ್ಡ್ ಬಿಟ್ಟು ಎ4107ರಲ್ಲೇ ಪೋರ್ಟ್ ಟಾಲ್ಬಟ್ ಕಡೆ ಸಾಗಿ. ನಕ್ಷೆಯಲ್ಲಿ ಬರೀ ಇಳಿಜಾರು ಅನ್ನಿಸಿದರೂ ನಡುವೆ ಚಿಕ್ಕ ಚಿಕ್ಕ ಏರುಗಳಿವೆ. ಸಾಮಾನ್ಯವಾಗಿ ಗಾಳಿ ಪಶ್ಚಿಮದಿಂದ ಎದುರಿಗೇ ಬೀಸುತ್ತದೆ. ಸುತ್ತನ್ನು ಈ ದಿಕ್ಕಿನಲ್ಲೇ ಹೊಡೆಯಿರಿ ಎನ್ನಲು ಇದೇ ಕಾರಣ. ಎದುರುಗಾಳಿ ಕಾಲು ತಾಜಾ ಇರುವಾಗ, ಅದೂ ಇಳಿಜಾರಿನಲ್ಲಿ ಸಿಗುತ್ತದೆ. ಸುಸ್ತಾದ ಮೇಲೆ ನೀತ್ ಕಣಿವೆಯಲ್ಲಿ ಅದೇ ಗಾಳಿ ಬೆನ್ನಿಗೆ ಬರುತ್ತದೆ. ಗುಂಪಿನಲ್ಲಿದ್ದರೆ ಒಬ್ಬರ ಹಿಂದೆ ಒಬ್ಬರು ಹೋಗಿ, ಮುಂದಿನವರು ಆಗಾಗ ಬದಲಾಗಲಿ.

ಕಣಿವೆಯ ತಳದಲ್ಲಿ ಹಳೆಯ ರೈಲು ಹಾದಿಯ ಮೇಲೆ ಸೈಕಲ್ ದಾರಿಯೂ ಇದೆ. ಚೆಂದ ಇದೆ, ಆದರೆ ಜಲ್ಲಿ ಜಾಸ್ತಿ. ತೆಳು ಟೈರ್‌ನವರು ರಸ್ತೆಯಲ್ಲೇ ಇರಿ.

ಹಂತ 4: ಕಿಮ್ಲಾ ದಾಟಿ ನೀತ್‌ಗೆ

ಪಾಂಟ್ರಿಡಿವೆನ್‌ನಲ್ಲಿ ಬಿ4287 ಹಿಡಿಯಿರಿ. ನಟ ರಿಚರ್ಡ್ ಬರ್ಟನ್ ಹುಟ್ಟಿದ ಊರು ಇದು. ಇಲ್ಲಿಂದ ಕಿಮ್ಲಾ ಏರು. ಚಿಕ್ಕದೇ, ಆದರೆ ಬಹಳ ಜನ ಇದನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಬುಲ್ಖ್ ಆಯ್ತು, ಇನ್ನು ರಿಗೋಸ್ ತಾನೆ ಎಂದುಕೊಂಡವರಿಗೆ ಇದು ಕಿರಿಕಿರಿ. ಏರು ಬರುವ ಮುಂಚೆ ಒಂದು ಬಾಳೆಹಣ್ಣು ಹೊಟ್ಟೆಗೆ ಹಾಕಿ. ಆಚೆ ಕಡೆ ಇಳಿಜಾರು ಮನೆಗಳ ನಡುವೆ ಹೋಗುತ್ತದೆ, ಕೊನೆಯಲ್ಲಿ ಸಿಗ್ನಲ್ ಇದೆ, ವೇಗ ಬೇಡ. ವೇಲ್ಸ್‌ನ ಊರೊಳಗಿನ ಬಹುಪಾಲು ರಸ್ತೆಗಳಲ್ಲಿ 2023ರ ಸೆಪ್ಟೆಂಬರ್‌ನಿಂದ ವಾಹನಗಳಿಗೆ ಗಂಟೆಗೆ 20 ಮೈಲಿ ಮಿತಿ. ನೀವೂ ಅಷ್ಟರಲ್ಲೇ ಇದ್ದರೆ ಕಾರಿನವರ ಜೊತೆ ಜಗಳವಿಲ್ಲ.

ಹಂತ 5: ನೀತ್‌ನಲ್ಲಿ ತೀರ್ಮಾನ

ಅರ್ಧ ಹಾದಿ ಹತ್ತಿರ ಹತ್ತಿರ ಮುಗಿಯಿತು. ಇಲ್ಲಿ ಕಡ್ಡಾಯವಾಗಿ ಅರ್ಧ ಗಂಟೆ ನಿಲ್ಲಿ. ಎರಡೂ ಬಾಟಲಿ ತುಂಬಿಸಿ, ಕೂತು ತಿನ್ನಿ. ಪೇಟೆಯಲ್ಲಿ ವೆಲ್ಶ್ ಕೇಕ್ ಸಿಕ್ಕರೆ ನಾಲ್ಕು ಕಟ್ಟಿಸಿಕೊಳ್ಳಿ. ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಬೇಯಿಸಿದ ಚಪ್ಪಟೆ ಬಿಲ್ಲೆ ಅದು. ಜೇಬಿನಲ್ಲಿ ಪುಡಿಯಾಗುವುದಿಲ್ಲ, ಅಂಗಡಿಯ ಎನರ್ಜಿ ಬಾರ್‌ಗಿಂತ ಅಗ್ಗ. ಮೊಟ್ಟೆ ತಿನ್ನದವರು ಕೇಳಿ ತೆಗೆದುಕೊಳ್ಳಿ.

ಆಮೇಲೆ ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಮಂಡಿ ನೋಯುತ್ತಿದೆಯಾ? ಬಟ್ಟೆ ಒದ್ದೆಯಾಗಿ ನಡುಗುತ್ತಿದ್ದೀರಾ? ಗಂಟೆ ಮಧ್ಯಾಹ್ನ ಮೂರು ದಾಟಿತಾ? ಒಂದಕ್ಕೆ ಹೌದು ಅಂದರೂ ನೀತ್ ನಿಲ್ದಾಣದಲ್ಲಿ ಕಾರ್ಡಿಫ್ ರೈಲು ಹತ್ತಿ. ಲಂಡನ್‌ಗೆ ಹೋಗುವ ಗ್ರೇಟ್ ವೆಸ್ಟರ್ನ್ ರೈಲುಗಳಲ್ಲಿ ಸೈಕಲ್‌ಗೆ ಮೊದಲೇ ಜಾಗ ಕಾದಿರಿಸಬೇಕು, ಹಾಗಾಗಿ ಟ್ರಾನ್ಸ್‌ಪೋರ್ಟ್ ಫಾರ್ ವೇಲ್ಸ್ ರೈಲು ನೋಡಿ. ಟ್ರಿಯೋರ್ಕಿಗೆ ಕಾರಿನಲ್ಲಿ ಬಂದವರಿಗೆ ಈ ಅನುಕೂಲ ಇಲ್ಲ, ಕಾರು ಬೆಟ್ಟದ ಆಚೆ ಉಳಿದಿರುತ್ತದೆ. ರೈಲಿನಲ್ಲೇ ಬನ್ನಿ ಎನ್ನುವುದು ಅದಕ್ಕೇ.

ಹಂತ 6: ನೀತ್ ಕಣಿವೆ

ಇಲ್ಲಿ ಗಟ್ಟಿಯಾಗಿ ನೆನಪಿಡಬೇಕಾದ್ದು ಒಂದೇ: ಎ465 ಹತ್ತಬೇಡಿ. ಕಣಿವೆಯುದ್ದಕ್ಕೂ ಹೋಗುವ ಹೆದ್ದಾರಿ ಅದು, ಲಾರಿಗಳು ಹಾರಿಕೊಂಡು ಹೋಗುತ್ತವೆ. ಫೋನ್‌ನ ಕಾರು ನಕ್ಷೆ ಅದನ್ನೇ ತೋರಿಸುತ್ತದೆ. ಟೊನ್ನಾ ಮೂಲಕ ಬಿ4434 ಹಿಡಿಯಿರಿ. ಕ್ಲೈನ್, ಮೆಲಿನ್‌ಕೋರ್ಟ್ ದಾಟಿ ರೆಸೋಲ್ವೆನ್‌ವರೆಗೆ ಕಾಡಿನ ಅಂಚಿನ ತಣ್ಣನೆ ರಸ್ತೆ. ಅಲ್ಲಿಂದ ಬಿ4242ರಲ್ಲಿ ಗ್ಲಿನ್‌ನೀತ್. ಹತ್ತಿರ ಹತ್ತಿರ ಸಮತಟ್ಟು, ಗಾಳಿ ಬೆನ್ನಿಗೆ. ಖುಷಿಯಾಗಿ ಜೋರು ತುಳಿಯಬೇಕು ಅನ್ನಿಸುತ್ತದೆ. ತುಳಿಯಬೇಡಿ. ಹಸಿವಿಲ್ಲದಿದ್ದರೂ ಇಲ್ಲಿ ಒಮ್ಮೆ ತಿನ್ನಿ. ಮೈಯಲ್ಲಿನ ಸಕ್ಕರೆ ಪೂರ್ತಿ ಖಾಲಿಯಾಗಿ ಕೈಕಾಲು ಸೋತು ತಲೆ ಮಂಕಾಗುವುದಕ್ಕೆ ಸವಾರರು 'ಬಾಂಕ್' ಎನ್ನುತ್ತಾರೆ. ಅದು ಹಿಡಿದ ಮೇಲೆ ತಿಂದರೆ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಹಂತ 7: ರಿಗೋಸ್

ಗ್ಲಿನ್‌ನೀತ್‌ನಿಂದ ಹಳೆಯ ರಸ್ತೆಯಲ್ಲಿ ರಿಗೋಸ್ ಹಳ್ಳಿಗೆ ಹತ್ತಬೇಕು. ಇದೇ ಒಂದು ಏರು. ಹಳ್ಳಿ ದಾಟಿದ ಮೇಲೆ ತುಸು ಸಮತಟ್ಟು ಬರುತ್ತದೆ. ಅದನ್ನು ತುದಿ ಎಂದುಕೊಂಡು ಖುಷಿಪಡಬೇಡಿ. ನಿಜವಾದ ಬೆಟ್ಟ ಎ4061ಕ್ಕೆ ತಿರುಗಿದ ಮೇಲೆ ಶುರು: ಇನ್ನೂ ಸುಮಾರು 5 ಕಿ.ಮೀ., ಶೇ. 5-6, ತುದಿ ಸುಮಾರು 490 ಮೀಟರ್. ಗಂಟೆಗೆ ಒಂಬತ್ತು-ಹತ್ತು ಕಿ.ಮೀ. ವೇಗದಲ್ಲಿ ಅರ್ಧ ಗಂಟೆಯ ಕೆಲಸ. ದೂರ ನೋಡಬೇಡಿ, ಗಡಿಯಾರ ನೋಡಿ. ಐದೈದು ನಿಮಿಷಕ್ಕೆ ಒಂದು ಗುಟುಕು ನೀರು.

ಎಡಕ್ಕೆ ಕೆಳಗೆ ಕಾಣುವುದು ಟವರ್ ಕಲ್ಲಿದ್ದಲು ಗಣಿಯ ಜಾಗ. ಸರ್ಕಾರ ಮುಚ್ಚಿದ ಗಣಿಯನ್ನು 1995ರಲ್ಲಿ ಕಾರ್ಮಿಕರೇ ದುಡ್ಡು ಹಾಕಿ ಕೊಂಡು, 2008ರವರೆಗೆ ನಡೆಸಿದರು. ಈಗ ಅಲ್ಲಿ ಜನ ತಂತಿಗೆ ಜೋತುಬಿದ್ದು ಜಾರುವ ಜಿಪ್ ವರ್ಲ್ಡ್ ಇದೆ. ನೀವು ಬೆವರು ಸುರಿಸುವಾಗ ಅವರು ಕಿರುಚುತ್ತಾ ಹಾರುವುದು ಕೇಳುತ್ತದೆ.

ಆಗದಿದ್ದರೆ ಇಳಿದು ತಳ್ಳಿ, ಯಾರೂ ನಗುವುದಿಲ್ಲ. ಬೆಟ್ಟದ ಬುಡಕ್ಕೆ ಬಂದಾಗಲೇ ಮೇಲೆ ಮಂಜು ದಟ್ಟವಾಗಿ ಕಂಡರೆ, ಇಲ್ಲವೇ ಕತ್ತಲಾಗುತ್ತಿದ್ದರೆ ಹತ್ತಲೇಬೇಡಿ. ಹಿರ್ವೈನ್ ಮೂಲಕ ಅಬರ್‌ಡೇರ್‌ಗೆ ಇಳಿದರೆ ಅಲ್ಲಿಂದಲೂ ಕಾರ್ಡಿಫ್‌ಗೆ ರೈಲಿದೆ. ಈ ದಾರಿ ಗೊತ್ತಿಲ್ಲದೆ ಹಟ ಹಿಡಿದು ಹತ್ತುವವರೇ ಜಾಸ್ತಿ. ಅಪಘಾತವಾದರೆ 999.

ತುದಿಯ ಹತ್ತಿರ ವಾಹನ ನಿಲ್ಲಿಸುವ ಜಾಗದಿಂದ ಹಿಂದಕ್ಕೆ ತಿರುಗಿ ನೋಡಿ. ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ ಬನ್ನೈ ಬ್ರಚೈನಿಯಾಗ್ ಬೆಟ್ಟಸಾಲು ಕಾಣುತ್ತದೆ. ಹಳೆಯ ನಕ್ಷೆಗಳಲ್ಲಿ ಇದೇ ಬ್ರೆಕನ್ ಬೀಕನ್ಸ್.

ಹಂತ 8: ಕೊನೆಯ ಇಳಿಜಾರು

ಟ್ರಿಹರ್ಬರ್ಟ್‌ಗೆ ಇಳಿಯುವಾಗ ಕಡಿದಾದ ತಿರುವುಗಳಿವೆ. ಬ್ರೇಕ್ ತಿರುವಿನ ಮುಂಚೆ ಹಿಡಿಯಿರಿ, ತಿರುವಿನೊಳಗೆ ಬಿಡಿ. ಒಂದೇ ಸಮ ಬ್ರೇಕ್ ಒತ್ತಿಕೊಂಡು ಇಳಿದರೆ ರಿಮ್ ಅಥವಾ ಡಿಸ್ಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಸುಸ್ತಾದ ಕೈ, ಮರಗಟ್ಟಿದ ಬೆರಳು, ಬೆಟ್ಟ ಗೆದ್ದೆ ಎಂಬ ಖುಷಿ ಮೂರೂ ಸೇರುವ ಜಾಗ ಇದು. ಗ್ಲೌಸ್ ಹಾಕಿಕೊಂಡೇ ಇಳಿಯಿರಿ.

ಟ್ರಿಹರ್ಬರ್ಟ್‌ನಲ್ಲೇ ರೈಲು ಹತ್ತಬಹುದು. ಸಾಲಿನ ಮೊದಲ ನಿಲ್ದಾಣವಾದ್ದರಿಂದ ಸೈಕಲ್‌ಗೆ ಜಾಗ ಸಿಗುವುದೂ ಸುಲಭ. ಕಾರು ಟ್ರಿಯೋರ್ಕಿಯಲ್ಲಿ ಇಟ್ಟವರಿಗೆ ಇನ್ನು ಮೂರು-ನಾಲ್ಕು ಕಿ.ಮೀ. ಬ್ಯಾಗಿನಲ್ಲಿ ಒಣ ಅಂಗಿಯೊಂದು ಇರಲಿ, ರೈಲಿನ ಎಸಿಯಲ್ಲಿ ಒದ್ದೆ ಬಟ್ಟೆಯಲ್ಲಿ ಒಂದು ಗಂಟೆ ಕೂರುವುದು ಕಷ್ಟ. ಮನೆಗೆ ಬಂದ ರಾತ್ರಿಯೇ ಚೈನ್ ಒರೆಸಿ ಎಣ್ಣೆ ಬಿಡಿ, ಬ್ರೇಕ್ ಪ್ಯಾಡಿಗೆ ಸಿಕ್ಕಿದ ಕಲ್ಲಿನ ಚೂರು ತೆಗೆಯಿರಿ. ಮಳೆಯಲ್ಲಿ ಹೋಗಿ ಬಂದಿದ್ದರೆ ಇದನ್ನು ಬೆಳಗ್ಗೆಗೆ ಬಿಡಬೇಡಿ, ಅಷ್ಟರಲ್ಲಿ ಚೈನ್ ತುಕ್ಕು ಹಿಡಿದಿರುತ್ತದೆ.